ಪೆಟ್ಟಿಗೆಯ ಒಕ್ಕಲು

ಪ್ರತಿ ಭಾನುವಾರ ಬೆಳಿಗ್ಗೆ ಹನ್ನೊಂದರ ಸುಮಾರಿಗೆ ನನ್ನ ಹೊಟ್ಟೆಯಲ್ಲಿ ಉರಿ ಶುರುವಾಗುತ್ತಿತ್ತು. ಸಂಜೆ ಆರರ ಹೊತ್ತಿಗೆ ಇಳಿಯುತ್ತಿತ್ತು. ಸೋಮವಾರದಿಂದ ಶನಿವಾರದವರೆಗೆ ಅದರ ಸುಳಿವೇ ಇಲ್ಲ. ಮೂರು ವಾರ ನೋಡಿ, ನಾಲ್ಕನೆಯ ವಾರ ತುಮಕೂರಿನ ಶೆಟ್ಟಿಹಳ್ಳಿಯ ನಮ್ಮ ಮನೆಯ ಹತ್ತಿರದ ಡಾಕ್ಟರ ಬಳಿ ಹೋದೆ. ಅವರು ಹೊಟ್ಟೆ ಒತ್ತಿ ನೋಡಿ, "ಗ್ಯಾಸ್ಟ್ರಿಕ್ಕು. ಖಾರ ಕಡಿಮೆ ಮಾಡಿ" ಎಂದು ಮಾತ್ರೆ ಬರೆದುಕೊಟ್ಟರು. ಮನೆಗೆ ಬಂದು ಚೀಟಿ ತೋರಿಸಿದರೆ ನನ್ನ ಹೆಂಡತಿ ಸುಮಾ ಅದನ್ನು ಓದುವ ಕಷ್ಟವನ್ನೂ ತೆಗೆದುಕೊಳ್ಳಲಿಲ್ಲ.

"ಭಾನುವಾರ ಮಾತ್ರ ಬರೋ ಗ್ಯಾಸ್ಟ್ರಿಕ್ಕು ಎಲ್ಲಾದ್ರೂ ಕೇಳಿದೀರಾ? ಅದು ಕುಣಿಗಲ್ ಗ್ಯಾಸ್ಟ್ರಿಕ್ಕು ಕಣ್ರೀ. ಅದಕ್ಕೆ ಮಾತ್ರೆ ಇಲ್ಲ, ಸುಮ್ನಿರಿ" ಎಂದಳು.

ಅವಳ ರೋಗನಿರ್ಣಯವೇ ಸರಿ. ಕನ್ನಡದಲ್ಲಿ ಈ ಕಾಯಿಲೆಗೆ ಮೊದಲಿನಿಂದಲೂ ಹೊಟ್ಟೆಕಿಚ್ಚು ಎಂದೇ ಹೆಸರು. ಮತ್ಸರ ಎಂದರೆ ಏನೋ ಗಂಭೀರವಾಗಿ ಕೇಳಿಸುತ್ತದೆ. ಅರಿಷಡ್ವರ್ಗಗಳ ಸಾಲಿನಲ್ಲಿ ಕಾಮ ಕ್ರೋಧಗಳೆಲ್ಲ ಮುಂದೆ ಕೂತ ಮೇಲೆ ಕೊನೆಯ ಬೆಂಚಿನಲ್ಲಿ ಕೂರುವ ವಿದ್ಯಾರ್ಥಿ ಅದು. ಹೊಟ್ಟೆಕಿಚ್ಚಿಗೆ ಆ ಮರ್ಯಾದೆಯೂ ಇಲ್ಲ. ಅದು ನೇರವಾಗಿ ಅನ್ನ ಸೇರುವ ಜಾಗಕ್ಕೇ ಕೊಳ್ಳಿ ಇಟ್ಟುಬಿಡುತ್ತದೆ.

ಕಾರಣ ಹೇಳಲು ನಾಚಿಕೆಯಾಗುತ್ತದೆ. ನನಗೆ ನಲವತ್ತಮೂರು ವರ್ಷ. ವಿಶ್ವವಿದ್ಯಾನಿಲಯದಲ್ಲಿ ತತ್ವಶಾಸ್ತ್ರ ಓದಿ, ಡಾಕ್ಟರೇಟನ್ನೂ ಪಡೆದು, ಇಲ್ಲೇ ತುಮಕೂರಿನ ಒಂದು ಕಾಲೇಜಿನಲ್ಲಿ ತರ್ಕ ಕಲಿಸುತ್ತೇನೆ. ಯಾವುದನ್ನೂ ಸುಮ್ಮನೆ ನಂಬಬೇಡಿ ಎಂದು ತರಗತಿಯಲ್ಲಿ ಹೇಳಿ ಅದಕ್ಕೆ ಸಂಬಳ ತೆಗೆದುಕೊಳ್ಳುತ್ತೇನೆ. ಅಂಥವನ ಹೊಟ್ಟೆ ಉರಿದದ್ದು ವಿಡಿಯೋ ಗೇಮ್ ಆಡುವ ಒಂದು ಪ್ಲಾಸ್ಟಿಕ್ ಪೆಟ್ಟಿಗೆಯ ದೆಸೆಯಿಂದ. ನಮ್ಮ ಮನೆಯಲ್ಲಿ ಇದ್ದದ್ದಲ್ಲ, ಇನ್ನೊಬ್ಬರ ಮನೆಯಲ್ಲಿ ಇದ್ದದ್ದು.

ಟೀವಿಗೆ ತಗುಲಿಸಿ ಆಡುವ ಈ ಪೆಟ್ಟಿಗೆಗಳನ್ನು ಮಾಡುವ ದೊಡ್ಡ ಕಂಪನಿಗಳು ಲೋಕದಲ್ಲಿ ಬೆರಳೆಣಿಕೆಯಷ್ಟು. ಅವುಗಳ ಹೆಸರು ಇಲ್ಲಿ ಬೇಡ. ಹೆಸರು ಬರೆದರೆ ಓದುಗರಲ್ಲಿ ಅರ್ಧ ಜನ ಇಲ್ಲೇ ಓದು ನಿಲ್ಲಿಸಿ ನನ್ನನ್ನು ಬಯ್ಯಲು ಕೂರುತ್ತಾರೆ, ಉಳಿದರ್ಧ ಜನ ಅವರನ್ನು ಬಯ್ಯಲು. ಒಂದನ್ನು ನೀಲಿ ಎನ್ನೋಣ, ಇನ್ನೊಂದನ್ನು ಹಸಿರು. ನಾನು ನೀಲಿ. ಕುಣಿಗಲ್‌ನಲ್ಲಿರುವ ನನ್ನ ಸೋದರತ್ತೆಯ ಮಗ ಲೋಕೇಶ ಹಸಿರು.

'ನಾನು ನೀಲಿ' ಎಂದು ಎಷ್ಟು ಸಲೀಸಾಗಿ ಬರೆದೆ ನೋಡಿ. ನೀಲಿ ಪೆಟ್ಟಿಗೆ ನನ್ನ ಬಳಿ ಇದೆ ಎನ್ನಲಿಲ್ಲ. ನಮ್ಮ ಕಡೆ ಹೊಸಬರ ಪರಿಚಯವಾದರೆ ಮೊದಲನೆಯ ಪ್ರಶ್ನೆ ಯಾವೂರು ಎಂದು, ಎರಡನೆಯದು ಮನೆದೇವರು ಯಾವುದು ಎಂದು. ಅದಕ್ಕೆ ಕೊಡುವ ಉತ್ತರದಲ್ಲೂ ಇದೇ ಸಲೀಸು: "ನಾವು ಇಂಥಾ ದೇವರ ಒಕ್ಕಲು." ಒಕ್ಕಲಾಗುವುದಕ್ಕೆ ಅರ್ಜಿ ಹಾಕುವಂತಿಲ್ಲ, ಪರೀಕ್ಷೆ ಬರೆಯುವಂತಿಲ್ಲ. ಹುಟ್ಟಿದಾಗ ಆಗಿರುತ್ತೇವೆ, ಅಷ್ಟೆ. ಹೆಣ್ಣುಮಕ್ಕಳು ಮದುವೆಯಾದ ದಿನ ಒಂದು ಒಕ್ಕಲಿನಿಂದ ಇನ್ನೊಂದಕ್ಕೆ ದಾಟಿ, ಮರುದಿನದಿಂದ ಅಲ್ಲಿಯ ಹರಕೆಯನ್ನೇ ಹುಟ್ಟಿದಾರಭ್ಯ ಹೊತ್ತವರ ಹಾಗೆ ಹೊರುತ್ತಾರೆ. ಗಂಡಸರು ಬದಲಾಗುವುದಿಲ್ಲ ಎಂದು ಗಂಡಸರು ನಂಬಿದ್ದಾರೆ.

ಗೇಮು ಕಂಪನಿಗಳ ಅಭಿಮಾನಿಗಳನ್ನು ಬಹಳ ದಿನ ಗಮನಿಸಿದ ಮೇಲೆ ನನಗೆ ತೋರಿದ್ದು, ಇವರಿಗೆ ಅಭಿಮಾನಿ ಎಂಬ ಪದ ಸಾಲದು, ಇವರು ಒಕ್ಕಲು. ಇಂಟರ್ನೆಟ್ಟಿನಲ್ಲಿ ಇವರ ಜಗಳ ಓದಿ ನೋಡಿ. ನಮ್ಮದರಲ್ಲಿ ಚಿತ್ರ ನುಣುಪು, ನಿಮ್ಮದರಲ್ಲಿ ತರಿತರಿ. ನಮ್ಮಲ್ಲಿ ಒಳ್ಳೆಯ ಆಟಗಳಿವೆ, ನಿಮ್ಮಲ್ಲಿ ತಿಂಗಳಿಗಿಷ್ಟು ಎಂದು ದುಡ್ಡು ಕೊಟ್ಟು ಆಡುವ ರಾಶಿ ಆಟಗಳಿವೆ, ರಾಶಿಯೇ ಇದೆ, ಆಟವಿಲ್ಲ. ಹೀಗೆ ಬರೆಯುವವರಲ್ಲಿ ಒಬ್ಬನ ಹೆಸರು 'ಗುಬ್ಬಿವೀರ'. ಅದು ನಾನೇ. ನಾನು ಹುಟ್ಟಿ ಬೆಳೆದದ್ದು ಗುಬ್ಬಿಯಲ್ಲಿ.

ಹೋದ ವರ್ಷ ಒಂದು ಸಂಕಟವಾಯಿತು. ಇಷ್ಟು ವರ್ಷ ನೀಲಿ ಪೆಟ್ಟಿಗೆಯಲ್ಲಿ ಮಾತ್ರ ಆಡಬಹುದಾಗಿದ್ದ ಒಂದು ಆಟವನ್ನು ಕಂಪನಿಯವರೇ ಹಸಿರು ಪೆಟ್ಟಿಗೆಗೂ ಬಿಟ್ಟುಬಿಟ್ಟರು. ವಿಚಾರವಂತನಾದವನು ಏನೆನ್ನಬೇಕು? ಒಳ್ಳೆಯದೇ ಆಯಿತು, ಇನ್ನೂ ನಾಲ್ಕು ಜನ ಆಡಿಕೊಳ್ಳಲಿ ಎನ್ನಬೇಕು. ನನಗೆ ಮನೆದೇವರು ಮೆರವಣಿಗೆಯಲ್ಲಿ ನಮ್ಮ ಬಾಗಿಲು ದಾಟಿ ಎದುರು ಬೀದಿಯ ಆರತಿಗೂ ನಿಂತ ಹಾಗಾಯಿತು. ಆ ದಿನ ಲೋಕೇಶ ಫೋನ್ ಮಾಡಿ, "ಏನ್ಲಾ ಬಾಮೈದ, ನಿಮ್ ದೇವ್ರು ನಮ್ಮನೇಲಿ ಊಟ ಮಾಡ್ತಾ ಕೂತವ್ನೆ" ಎಂದ. ನಾನು ತರಗತಿ ಇದೆ ಎಂದು ಫೋನ್ ಇಟ್ಟೆ. ತರಗತಿ ಇರಲಿಲ್ಲ.

ಆದರೆ ನನ್ನ ಉರಿಯ ಬುಡ ಅದಲ್ಲ. ಅದು ನನ್ನ ಮಗಳು ಇಂಚರ.

ಇಂಚರಳಿಗೆ ಹದಿನಾಲ್ಕು. ಮೂರು ವರ್ಷದ ಹಿಂದೆ ಅವಳ ಹುಟ್ಟುಹಬ್ಬಕ್ಕೆಂದು ನೀಲಿ ಪೆಟ್ಟಿಗೆ ತಂದೆ. "ಮಗಳಿಗೆ ತಂದ್ರೋ, ಮಗಳ ನೆಪದಲ್ಲಿ ತಂದ್ರೋ?" ಎಂದು ಸುಮಾ ಕೇಳಿದ್ದಕ್ಕೆ ಇನ್ನೂ ಉತ್ತರ ಕೊಟ್ಟಿಲ್ಲ. ಅಂದಿನಿಂದ ಭಾನುವಾರಗಳು ನಮ್ಮಿಬ್ಬರವು. ತಿಂಡಿ ಮುಗಿಸಿ, ಒಂದೇ ಸೋಫಾದಲ್ಲಿ ಕೈಗೊಂದೊಂದು ಕಂಟ್ರೋಲರ್ ಹಿಡಿದು ಕೂತು, ಟೀವಿಯನ್ನು ನಡುವೆ ಗೆರೆ ಎಳೆದಂತೆ ಎರಡು ಪಾಲು ಮಾಡಿ, ಎಡಕ್ಕೆ ಅವಳ ಕಾರು, ಬಲಕ್ಕೆ ನನ್ನದು. ಆ ಎರಡು ಗಂಟೆಯಲ್ಲಿ ಅವಳು ಶಾಲೆಯ ಸಂಗತಿಗಳನ್ನೆಲ್ಲ ಹೇಳುತ್ತಿದ್ದಳು. ಮುಖ ನೋಡಿ ಕೇಳಿದರೆ "ಏನಿಲ್ಲ" ಎನ್ನುವ ಹುಡುಗಿ, ಟೀವಿ ನೋಡಿಕೊಂಡೇ ಗೆಳತಿಯರ ಮುನಿಸು, ಗಣಿತದ ಮೇಡಂ, ಎಲ್ಲವನ್ನೂ ಒದರಿಬಿಡುತ್ತಿದ್ದಳು. ನಡುನಡುವೆ, "ಅಪ್ಪಾ, ತಿರುವು!"

ಈ ಯುಗಾದಿಯ ಆಚೆ ಲೋಕೇಶ ಕುಣಿಗಲ್‌ನಲ್ಲಿ ಮನೆಯ ಮೇಲೊಂದು ಅಂತಸ್ತು ಕಟ್ಟಿಸಿದ. ಅವನದು ಬೋರ್‌ವೆಲ್ ಮೋಟಾರುಗಳಿಗೆ ತಾಮ್ರದ ತಂತಿ ಸುತ್ತಿಕೊಡುವ ಅಂಗಡಿ. ಒಳ್ಳೆಯ ಕೈ, ಒಳ್ಳೆಯ ವ್ಯಾಪಾರ. ಗೃಹಪ್ರವೇಶಕ್ಕೆ ಹೋದಾಗ ಇಂಚರ ಅಲ್ಲಿಯ ಹಸಿರು ಪೆಟ್ಟಿಗೆಯ ಮುಂದೆ ಕೂತವಳು ಊಟಕ್ಕೆ ಏಳಲಿಲ್ಲ. ಲೋಕೇಶನ ಇಬ್ಬರು ಗಂಡುಮಕ್ಕಳು ಭಾನುವಾರ ಕ್ರಿಕೆಟ್ ಮೈದಾನ ಬಿಟ್ಟು ಬರುವುದಿಲ್ಲ, ಅವನಿಗೂ ಜೊತೆ ಬೇಕಾಗಿತ್ತು. ಭಾನುವಾರ ಕಾರ್ಖಾನೆಗಳಿಗೆ ರಜೆಯಾದ್ದರಿಂದ ಅಲ್ಲಿಯ ಮೋಟಾರು ಬಿಚ್ಚಲು ಅವನು ಬೆಳಿಗ್ಗೆ ತುಮಕೂರಿನ ಆಚೀಚೆಯ ಸತ್ಯಮಂಗಲಕ್ಕೋ ಹಿರೇಹಳ್ಳಿಗೋ ಹೇಗೂ ಬರುತ್ತಾನೆ. ವಾಪಸು ಹೋಗುವಾಗ ನಮ್ಮ ಮನೆಯ ಮುಂದೆ ಎರಡು ಸಲ ಹಾರನ್ ಹೊಡೆಯತೊಡಗಿದ. ಇವಳು ಚಪ್ಪಲಿ ಮೆಟ್ಟಿಕೊಂಡು ಇಳಿಯತೊಡಗಿದಳು. ಹನ್ನೊಂದಕ್ಕೆ ಅವರು ಕುಣಿಗಲ್ ಮುಟ್ಟುತ್ತಾರೆ. ಹನ್ನೊಂದಕ್ಕೆ ನನ್ನ ಹೊಟ್ಟೆ.

ಸೋಫಾದ ಬಲ ತುದಿಯಲ್ಲಿ ಒಬ್ಬನೇ ಕೂತು, ಎಡ ಪಾಲಿನ ಕಾರನ್ನು ಪೆಟ್ಟಿಗೆಯೇ ಓಡಿಸುವ ಹಾಗೆ ಮಾಡಿ ಆಡಿದೆ. ಪೆಟ್ಟಿಗೆ ಓಡಿಸುವ ಕಾರು ತಿರುವು ಬಂತು ಎಂದು ಕೂಗುವುದಿಲ್ಲ.

ಸುಮಾ ಸಮಾಧಾನ ಹೇಳಿದಳು: "ಹಸಿರುದು ಒಂದು ತಂದು ಬಿಸಾಕಿ. ಹುಡುಗಿ ಮನೇಲಿರ್ತಾಳೆ." ಹೇಳುವುದು ಸುಲಭ. ಬಿಳಿಯ ಒಕ್ಕಲಾಗಿ ಹುಟ್ಟಿದ ನಾನು ಹಸಿರು ತರುವುದೆ?

ಈ ಬಿಳಿಯ ವಿಷಯ ಸ್ವಲ್ಪ ವಿವರಿಸಬೇಕು. ನನಗೂ ಲೋಕೇಶನಿಗೂ ಹತ್ತು ಹತ್ತು ವರ್ಷವಾಗಿದ್ದಾಗ ನಮ್ಮ ತಾತ ತುಮಕೂರಿನ ಅಂಗಡಿಯಿಂದ ಎರಡು ಗೇಮು ಪೆಟ್ಟಿಗೆ ಕೊಡಿಸಿದರು. ಬೆಣ್ಣೆಬಿಳುಪಿನದು ಒಂದು, ಕರಿಯದು ಒಂದು, ಎರಡರ ಮೇಲೂ ಬೇರೆ ಬೇರೆ ಕಂಪನಿಯ ಹೆಸರು. ಮೇಲೆ ಕ್ಯಾಸೆಟ್ ತೂರಿಸಬೇಕು. ಆಟ ಬರದಿದ್ದರೆ ಕ್ಯಾಸೆಟ್ಟಿನ ಬಾಯಿಗೆ ಉಫ್ ಎಂದು ಊದಿ ಮತ್ತೆ ತೂರಿಸಬೇಕು. ಕ್ಯಾಸೆಟ್ಟಿನ ಮೇಲೆ ಸಾವಿರಾರು ಆಟ ಎಂದು ಬರೆದಿರುತ್ತಿತ್ತು, ಒಳಗೆ ಇರುತ್ತಿದ್ದದ್ದು ಹತ್ತೋ ಹನ್ನೆರಡೋ. ನನ್ನ ನೆನಪಿನ ಪ್ರಕಾರ ಅಂಗಡಿಯಲ್ಲಿ ತಾತನ ಕೈ ಹಿಡಿದು ನಿಂತು, ಎರಡನ್ನೂ ಕೂಲಂಕಷವಾಗಿ ಪರಿಶೀಲಿಸಿ, ಬಿಳಿಯದನ್ನು ಆರಿಸಿದವನು ನಾನು. ಬೇಸಿಗೆ ರಜೆಗೆ ಕರಿ ಪೆಟ್ಟಿಗೆ ಹೊತ್ತು ಗುಬ್ಬಿಗೆ ಬರುತ್ತಿದ್ದವನು ಲೋಕೇಶ. ಬಿಳಿಯದು ಮೇಲೋ ಕರಿಯದು ಮೇಲೋ ಎಂದು ಇಡೀ ರಜೆ ಹೊಡೆದಾಡುತ್ತಿದ್ದೆವು. ಯಾರೋ ನೆಂಟರು, "ಮನೆದೇವ್ರು ಯಾವ್ದು ಮಗ?" ಎಂದು ಕೇಳಿದ್ದಕ್ಕೆ ನಾನು ಎದೆ ಸೆಟೆಸಿ, "ಬಿಳಿ ಪೆಟ್ಟಿಗೆ" ಎಂದಿದ್ದೆ. ನಡುಮನೆಯೆಲ್ಲ ನಕ್ಕಿತ್ತು. ಈ ಕತೆಯನ್ನು ನಾನು ಎಷ್ಟು ಮದುವೆಮನೆಗಳಲ್ಲಿ ಹೇಳಿದ್ದೇನೆಂದರೆ ಕೇಳುವವರೇ ಈಗ ಕೊನೆಯ ಸಾಲು ಮುಗಿಸುತ್ತಾರೆ. ಆ ಬಿಳಿಯಿಂದ ಇಂದಿನ ನೀಲಿಗೆ ಒಂದು ಗುರುಪರಂಪರೆಯಿದೆ ಎಂಬುದು ನನ್ನ ಸಿದ್ಧಾಂತ. ಎರಡು ಕಂಪನಿಗಳಿಗೂ ಯಾವ ಸಂಬಂಧವೂ ಇಲ್ಲ ಎಂದು ಲೋಕೇಶ ಹೇಳುತ್ತಾನೆ. ಅವನು ಮೋಟಾರು ರಿಪೇರಿಯವನು, ಪರಂಪರೆ ಅವನಿಗೇನು ಗೊತ್ತು?

ಒಂದು ಭಾನುವಾರ ತಡೆಯಲಾರದೆ ನಾನೂ ಕುಣಿಗಲ್‌ಗೆ ಬಸ್ಸು ಹತ್ತಿದೆ. ಅತ್ತೆಯನ್ನು ನೋಡಿ ಬಹಳ ದಿನವಾಯಿತು ಎಂದು ಸುಮಾಳಿಗೆ ಹೇಳಿದೆ. "ಹೋಗಿ, ಹೋಗಿ, ಅತ್ತೇನ ನೋಡ್ಕೊಂಡ್ ಬನ್ನಿ" ಎಂದು ಅವಳು ಅತ್ತೆ ಎಂಬ ಪದವನ್ನು ಎರಡು ಗಜ ಉದ್ದ ಎಳೆದಳು.

ಮೆಟ್ಟಿಲು ಹತ್ತುವಾಗಲೇ ಮೇಲಿನಿಂದ ಇಂಚರಳ ನಗು ಕೇಳಿಸಿತು. ನಮ್ಮ ಮನೆಯಲ್ಲಿ ಅವಳು ಅಷ್ಟು ಜೋರಾಗಿ ನಗುವುದನ್ನು ಕೇಳಿದ್ದೆನೆ? ಕೇಳಿದ್ದೇನೆ ಅನಿಸಿತು, ಆದರೆ ಯಾವಾಗ ಎಂದು ನೆನಪಾಗಲಿಲ್ಲ. ಒಳಗೆ ಹೋದರೆ ಲೋಕೇಶ ಲುಂಗಿ ಎತ್ತಿ ಕಟ್ಟಿ ನೆಲದ ಮೇಲೆ ಕೂತಿದ್ದ.

"ಏನ್ಲಾ ಬಾಮೈದ, ಊಟಕ್ ಬಂದ್ಯೋ, ಜಗಳಕ್ ಬಂದ್ಯೋ?"

"ಅತ್ತೇನ ನೋಡಕ್ಕೆ ಬಂದೆ, ಭಾವ."

"ಅತ್ತೆ ಕೆಳಗೆ ಅಡುಗೆಮನೇಲವ್ರೆ. ನೀನು ಮೇಲ್ ಬಂದಿದೀಯ."

ಜಗಳ ಊಟಕ್ಕೆ ಕೂತಾಗ ಶುರುವಾಯಿತು. ಅತ್ತೆ ರಾಗಿಮುದ್ದೆಗೆ ಸೊಪ್ಪಿನ ಸಾರು ಬಡಿಸುತ್ತಿದ್ದರು. ಎಪ್ಪತ್ತನಾಲ್ಕು ವರ್ಷದ ಅವರಿಗೆ ಕಣ್ಣು ಸ್ವಲ್ಪ ಮಂಜು, ನೆನಪು ಮಾತ್ರ ಚೊಕ್ಕ. ನಾನು ಮಾತಿನ ನಡುವೆ ಇಂಚರಳಿಗೆ ಕೇಳಲೆಂದೇ, "ನಾನು ಬಿಳಿ ಪೆಟ್ಟಿಗೆ ಕಾಲದಿಂದ ಒಂದೇ ಕಡೆ ಇದೀನಿ. ಒಂದಿನ ಆಚೆ ಈಚೆ ಹೋದೋನಲ್ಲ" ಎಂದೆ.

ಲೋಕೇಶ ಮುದ್ದೆ ಮುರಿಯುತ್ತಿದ್ದವನು ನಿಲ್ಲಿಸಿದ. "ಬಿಳಿದಾ? ಲೇಯ್, ಬಿಳಿದು ನಂದು ಕಣ್ಲಾ. ನಿಂದು ಕರಿದು."

"ಬುಡು ಭಾವ, ನಿಂಗೆ ಮರೆತೋಗಿದೆ."

"ಮರೆತಿರೋದು ನಿಂಗೆ. ನಂದು ಬಿಳಿದು ಬೇಕು ಅಂತ ಅಂಗಳದಲ್ಲಿ ಬಿದ್ದು ಹೊರಳಾಡ್ದೋನು ಯಾರು?"

"ನೀನು!"

"ನಾನಾ?"

ಇಂಚರ ಇಬ್ಬರ ಮುಖವನ್ನೂ ಟೆನಿಸ್ ನೋಡುವವರಂತೆ ನೋಡುತ್ತಿದ್ದಳು.

ಇಲ್ಲಿ ಒಂದು ಶಾಸ್ತ್ರದ ಮಾತು ಹೇಳಿಬಿಡುತ್ತೇನೆ. ನಮ್ಮ ನೈಯಾಯಿಕರು, ಎಂದರೆ ನ್ಯಾಯದರ್ಶನದ ಹಳೆಯ ಪಂಡಿತರು, ಪ್ರತ್ಯಕ್ಷ, ಅನುಮಾನ, ಉಪಮಾನ, ಶಬ್ದ ಎಂದು ಅರಿವು ತರುವ ಪ್ರಮಾಣಗಳ ಪಂಕ್ತಿ ಹಾಕಿ ಎಲೆ ಬಡಿಸಿದರು. ಸ್ಮೃತಿ, ಎಂದರೆ ನೆನಪು, ಬಂದು ಬಾಗಿಲಲ್ಲಿ ನಿಂತರೆ ಅದಕ್ಕೆ ಎಲೆ ಹಾಕಲೇ ಇಲ್ಲ. ನೀನು ಹೊಸದೇನನ್ನೂ ತಂದಿಲ್ಲ, ಹಳೆಯದನ್ನೇ ಮತ್ತೆ ಹೊತ್ತು ತಂದಿದ್ದೀಯ ಎಂದು ಆಚೆ ಕೂರಿಸಿದರು. ಇದನ್ನು ನಾನು ವರ್ಷ ವರ್ಷ ಪಾಠ ಮಾಡುತ್ತೇನೆ. ಅನುಮಾನ ಎಂಬ ಪದ ಬಂದಾಗ ಒಂದು ಹಳೆಯ ನಗೆಯನ್ನೂ ಸಿಡಿಸುತ್ತೇನೆ: ಶಾಸ್ತ್ರದಲ್ಲಿ ಅನುಮಾನ ಎಂದರೆ ಹೊಗೆ ಕಂಡು ಬೆಂಕಿಯನ್ನು ತಿಳಿಯುವುದು, ಕನ್ನಡದಲ್ಲಿ ಅನುಮಾನ ಎಂದರೆ ಬೆಂಕಿಯನ್ನೇ ಕಂಡರೂ ನಂಬದಿರುವುದು. ಮಕ್ಕಳು ನಗುವುದಿಲ್ಲ. ಅಂದು ಸಾರಿನ ಬಟ್ಟಲಿನ ಮುಂದೆ ಕೂತು, ಲೋಕದ ಎಲ್ಲರ ನೆನಪನ್ನೂ ಅನುಮಾನಿಸಿದ ನಾನು ನನ್ನದೊಂದನ್ನು ಮಾತ್ರ ಹೇಗೆ ಪಂಕ್ತಿಯಲ್ಲಿ ಕೂರಿಸಿಕೊಂಡೆ ಎಂದು ಮೊದಲ ಬಾರಿ ಯೋಚಿಸಿದೆ. ಹಾಗೆ ಯೋಚಿಸಿದರೂ, ಬಿಳಿಯದು ನನ್ನದೇ ಎಂದು ಮೇಜು ಕುಟ್ಟುವುದನ್ನು ನಿಲ್ಲಿಸಲಿಲ್ಲ.

ಅತ್ತೆ ಸೌಟು ಕೆಳಗಿಟ್ಟರು. "ಯಾಕ್ರೋ ಕೋಳಿಗಳ ಹಾಗೆ ಕಿತ್ತಾಡ್ತೀರ? ಅಟ್ಟದ ಮೇಲವೆ ಎರಡೂ. ಗುಬ್ಬಿ ಮನೆ ಮಾರ್ದಾಗ ಸಾಮಾನಿನ ಜೊತೆ ಬಂದ್ವು. ಇಳಿಸ್ಕೊಂಡ್ ನೋಡ್ಕಳಿ."

ಕೈ ತೊಳೆದವರೇ ಅಟ್ಟ ಹತ್ತಿದೆವು. ಹಿತ್ತಾಳೆ ಕೊಳದಪ್ಪಲೆಯ ಹಿಂದೆ, ಹಳೆಯ ಸೀರೆಯಲ್ಲಿ ಗಂಟು ಕಟ್ಟಿ ಇಟ್ಟಿದ್ದರು. ಬಿಚ್ಚಿದರೆ ಬಿಳಿಯದು ಹಲ್ಲಿನ ಹಾಗೆ ಹಳದಿಯಾಗಿತ್ತು, ಕರಿಯದು ಬೂದಿಯ ಬಣ್ಣಕ್ಕೆ ತಿರುಗಿತ್ತು. ನಲವತ್ತು ದಾಟಿದ ಇಬ್ಬರು ಗಂಡಸರು ಅಲ್ಲೇ ಮಂಡಿಯೂರಿ ಅವನ್ನು ಮಗುಚಿ ಹಾಕಿದೆವು. ಹೆಸರು ಕೆತ್ತುವ ಚಟ ಇಬ್ಬರಿಗೂ ಇತ್ತು ಎಂಬುದೊಂದರಲ್ಲಿ ನಮ್ಮ ನೆನಪುಗಳು ಒಪ್ಪಿದ್ದವು.

ಬಿಳಿಯದರ ಬೆನ್ನಿನ ಮೇಲೆ ಕೈವಾರದ ಮೊನೆಯಿಂದ 'ಗಿ' ಎಂದು ಕೆತ್ತಿತ್ತು. ಗಿರೀಶ. ನಾನು. "ನೋಡು!" ಎಂದು ಕೂಗಿದೆ. ಆದರೆ ಅದರ ಮೇಲೆ ಒಂದು ಅಡ್ಡಗೆರೆ ಎಳೆದಿತ್ತು. ಪಕ್ಕದಲ್ಲಿ 'ಲೋ'. ಅದಕ್ಕೂ ಗೆರೆ. ಮತ್ತೆ 'ಗಿ', ಗೆರೆ. ಕೊನೆಗೆ 'ಲೋ', ಗೆರೆಯಿಲ್ಲದ್ದು. ಕರಿಯದನ್ನು ಮಗುಚಿದರೆ ಅದೇ ಸಾಲು, ತಿರುಗಾಮುರುಗಾ: ಲೋ, ಗಿ, ಲೋ, ಗಿ. ಇಂಚರ ಬಗ್ಗಿ ಬಿಳಿಯದರ ಸಾಲನ್ನು ಓದಿದಳು. "ಗಿಲೋಗಿಲೋ. ಇದೇನಪ್ಪಾ, ಮಂತ್ರನಾ?"

ಅತ್ತೆ ಕೆಳಗಿನಿಂದಲೇ ತೀರ್ಪು ಹೇಳಿದರು. "ಒಂದೊಂದು ಬೇಸ್ಗೇನೂ ಅದೇ ಗೋಳು. ಇವ್ನಿಗೆ ಅವಂದು ಬೇಕು, ಅವ್ನಿಗೆ ಇವಂದು ಬೇಕು. ರಜ ಮುಗಿಯೋ ದಿನ ಇಬ್ರೂ ಬಿದ್ದು ಹೊರಳಾಡೋರು. ಅಪ್ಪಯ್ಯ ಸಾಕಾಗಿ, 'ಅದಲು ಬದಲು ಮಾಡ್ಕಳ್ರೋ' ಅನ್ನೋರು. ಅದಲು ಬದಲು ಆಯ್ತಾ, ಮಾರನೇ ದಿನದಿಂದ್ಲೇ ನಂದೇ ಮೇಲು, ನಂದೇ ಮೇಲು ಅಂತ ಶುರು."

"ಅಂಗಡೀಲಿ ಬಿಳಿದು ಆರಿಸ್ದೋನು ನಾನೇ ತಾನೇ, ಅತ್ತೆ?" ಇದಾದರೂ ಉಳಿಯಲಿ ಎಂದು ಕೇಳಿದೆ.

"ಆರ್ಸೋದೇನ್ ಬಂತು? ನೀವಿಬ್ರೂ ಅಂಗ್ಡಿಗೇ ಹೋಗಿಲ್ಲ. ಒಂದೇ ಥರದ್ದು ಎರಡು ಕೊಡಿ ಅಂದ್ರಂತೆ ಅಪ್ಪಯ್ಯ, ಜಗಳ ಬ್ಯಾಡ ಅಂತ. ಅವ್ನತ್ರ ಬಿಳಿದೊಂದು ಕರಿದೊಂದು ಬಿಟ್ರೆ ಬೇರೆ ಇರ್ಲಿಲ್ವಂತೆ."

ನಾನು ಕೊನೆಯ ಕೊಂಬೆ ಹಿಡಿದೆ. "ಮನೆದೇವ್ರು ಬಿಳಿ ಪೆಟ್ಟಿಗೆ ಅಂದಿದ್ದು?"

"ಅದು ನಮ್ ಲೋಕೇಶ."

ನಾನು ತಾತನ ಕೈ ಹಿಡಿದು ನಿಂತಿದ್ದ ಅಂಗಡಿ, ಗಾಜಿನ ಹಿಂದಿನ ದೀಪ, ಬೆಣ್ಣೆಬಿಳುಪಿನ ಹೊಳಪು, ಇವೆಲ್ಲ ಈಗಲೂ ನನಗೆ ಕಾಣುತ್ತವೆ. ಹೋಗದೇ ಇದ್ದ ಅಂಗಡಿ ಅಷ್ಟು ಸ್ಪಷ್ಟವಾಗಿ ಕಾಣುವುದಾದರೆ ಹೋದ ಊರುಗಳ ಗತಿಯೇನು? ಲೋಕೇಶನಿಗೆ ಇಂಥ ಚಿಂತೆಗಳಿಲ್ಲ. ಅವನು ಜೇಬಿನಿಂದ ಸ್ಕ್ರೂಡ್ರೈವರ್ ತೆಗೆದು (ಲುಂಗಿಯಲ್ಲಿದ್ದರೂ ಅವನ ಅಂಗಿಯ ಜೇಬಿನಲ್ಲಿ ಒಂದು ಸ್ಕ್ರೂಡ್ರೈವರ್ ಇರುತ್ತದೆ) ಎರಡನ್ನೂ ಬಿಚ್ಚಿದ. ಒಳಗಿನ ಹಸಿರು ಹಲಗೆಗಳನ್ನು ಅಕ್ಕಪಕ್ಕ ಇಟ್ಟ. ಬೆಸುಗೆಯ ಚುಕ್ಕೆಗಳೂ ಒಂದೇ ಜಾಗದಲ್ಲಿದ್ದವು.

"ಅಂಗಿ ಬೇರೆ, ಹೊಟ್ಟೆ ಒಂದೇ ಕಣ್ಲಾ" ಎಂದ.

ಎರಡನ್ನೂ ಮತ್ತೆ ಮುಚ್ಚಿ ಸ್ಕ್ರೂ ಬಿಗಿದ. ಆಮೇಲೆ ಅವನು ಬೇರೆಲ್ಲೋ ನೋಡುತ್ತ, ಹತ್ತು ವರ್ಷದವನ ದನಿಯಲ್ಲಿ ಕೇಳಿದ: "ಮಾಡಣೇನ್ಲಾ?"

"ಏನು?"

"ಅದಲು ಬದಲು. ಒಂದ್ ತಿಂಗಳು."

ಆಗ ನನಗೆ ಹೊಳೆಯಿತು. ಇಷ್ಟು ವರ್ಷ ಅವನು ಫೋನ್ ಮಾಡಿ ಅಣಕಿಸಿದ್ದೆಲ್ಲ ಹೊಗೆ. ಹೊಗೆ ಕಂಡಲ್ಲಿ ಬೆಂಕಿಯಿದೆ. ತರ್ಕ ಕಲಿಸುವ ನನಗೆ ಅಷ್ಟು ಸರಳ ಅನುಮಾನ ಹೊಳೆದಿರಲಿಲ್ಲ. ನನ್ನ ನೀಲಿ ಪೆಟ್ಟಿಗೆಯ ಮೇಲೆ ಅವನ ಕಣ್ಣು ಮೊದಲಿನಿಂದಲೂ ಇತ್ತು. ಇನ್ನು ನನ್ನ ಮನಸ್ಸಿನಲ್ಲಿ ಆ ಕ್ಷಣ ಏನಿತ್ತು ಎಂದರೆ, ಹಸಿರು ಶೆಟ್ಟಿಹಳ್ಳಿಗೆ ಬಂದರೆ ಅದರ ಹಿಂದೆಯೇ ಇಂಚರ ಬರುತ್ತಾಳೆ. ಒಕ್ಕಲುತನ ಇತ್ಯಾದಿ ನೆನಪಾಗಲೇ ಇಲ್ಲ. "ಹೂಂ" ಎಂದೆ.

"ಇಬ್ರೂ ನಿಜ್ವಾಗ್ಲೂ ದೊಡ್ಡೋರಾ?" ಎಂದಳು ಇಂಚರ.

ಬುಧವಾರವೇ ಪೆಟ್ಟಿಗೆಗಳು ಸ್ಥಳ ಬದಲಿಸಿದವು. ನಾನು ಹಸಿರನ್ನು ಟೀವಿಯ ಕೆಳಗೆ ಕೂರಿಸಿ ಧೂಳು ಒರೆಸಿದೆ. ಹಿಂದಿನ ತಂತಿಗಳನ್ನೆಲ್ಲ ಒಪ್ಪವಾಗಿ ಕಟ್ಟಿದೆ. ಗುರುವಾರ ಆಡಿ ನೋಡಿದೆ. ನಿಜ ಹೇಳಬೇಕೆಂದರೆ ಬಹಳ ಚೆನ್ನಾಗಿತ್ತು. ಶುಕ್ರವಾರ ಇಂಟರ್ನೆಟ್ಟಿನಲ್ಲಿ ಯಾರೋ ನೀಲಿಯವನು ಹಸಿರನ್ನು ಹಳಿದಿದ್ದ; ಗುಬ್ಬಿವೀರ ಅವನಿಗೆ ತಕ್ಕ ಉತ್ತರ ಕೊಟ್ಟ. ಉತ್ತರ ಕಳಿಸಿದ ಮೇಲೆ ಬಿಳಿ ಪೆಟ್ಟಿಗೆಯ ಬೆನ್ನಿನ ಗೆರೆಗಳು ಕಣ್ಣ ಮುಂದೆ ಬಂದವು. ಸುಮಾಳಿಗೆ ಹೇಳಲಿಲ್ಲ.

ಭಾನುವಾರ ಬೇಗ ಸ್ನಾನ ಮಾಡಿ ಸೋಫಾದ ಬಲ ತುದಿಯಲ್ಲಿ ಕೂತೆ. ಒಂಬತ್ತೂವರೆಗೆ ಬೀದಿಯಲ್ಲಿ ಎರಡು ಸಲ ಹಾರನ್. ಇಂಚರ ಚಪ್ಪಲಿ ಮೆಟ್ಟಿಕೊಂಡಳು.

"ಎಲ್ಲಿಗೆ?" ಎಂದೆ.

"ಕುಣಿಗಲ್‌ಗೆ."

"ಹಸಿರು ಇಲ್ಲೇ ಇದೆಯಲ್ಲೇ!"

"ಹೂಂ, ಇದೆ."

"ಓ, ಈಗ ನೀಲಿ ಅಲ್ಲಿದೆ, ಅದಕ್ಕೆ! ಇಷ್ಟು ದಿನ ಇಲ್ಲೇ ಇತ್ತಲ್ಲ, ಆಗ ಬೇಡ್ವಾಗಿತ್ತಾ?"

ಅವಳು ಚಪ್ಪಲಿಯ ಪಟ್ಟಿ ಹಾಕಿಕೊಳ್ಳಲು ಬಗ್ಗಿದವಳು ಹಾಗೇ ನಿಂತಳು. ಮುಖ ನೋಡದೆ ಮಾತಾಡಬೇಕಾದಾಗ ಅವಳಿಗೆ ಟೀವಿಯೋ ಚಪ್ಪಲಿಯೋ ಏನಾದರೊಂದು ಬೇಕು.

"ಪೆಟ್ಟಿಗೆ ಯಾವ್ದಾದ್ರೂ ನಂಗೇನಪ್ಪಾ? ಮಾವ ಸೋತ್ರೆ ನಗ್ತಾರೆ. 'ಬಡಿದಾಕ್ಬಿಟ್ಲು ಕಣಮ್ಮೋ' ಅಂತ ಅಜ್ಜಿಗೆ ಕೂಗಿ ಹೇಳ್ತಾರೆ. ನೀನು ಸೋತ್ರೆ ಕಂಟ್ರೋಲರ್ ಸರಿ ಇಲ್ಲ ಅಂತೀಯ."

"ನಾನಾ? ಯಾವಾಗ?"

"ಯಾವಾಗ್ಲೂ. ಮೂರು ವರ್ಷದಲ್ಲಿ ನಾನು ಒಂದ್ಸಲಾನೂ ಗೆದ್ದಿಲ್ಲ ಅಪ್ಪಾ. ಪ್ರತಿ ಸಲಾನೂ ಕಂಟ್ರೋಲರ್ ಸೋತಿದೆ."

ಕೆಳಗೆ ಮೂರನೆಯ ಹಾರನ್ ಆಯಿತು. ಅವಳು ಹೋದಳು.

ಹನ್ನೊಂದಕ್ಕೆ ಹೊಟ್ಟೆ ಹತ್ತಿಕೊಂಡಿತು. ಆದರೆ ಈ ಸಲ ಬೆಂಕಿ ಬೇರೆ ಕಡೆಯಿಂದ ಬಂದಂತಿತ್ತು. ಅವಳು ಹೇಳಿದ್ದು ನಿಜವೇ ಎಂದು ನೆನಪನ್ನು ಕೇಳಿದೆ. ನೆನಪು, ಅದರ ವೃತ್ತಿಯೇ ಹಾಗಲ್ಲವೆ, ನಾನು ನಗುನಗುತ್ತ ಸೋತು ಮಗಳ ಬೆನ್ನು ತಟ್ಟುವ ಒಂದು ಸುಂದರವಾದ ಚಿತ್ರ ತೋರಿಸಿತು. ಗಾಜಿನ ಹಿಂದೆ ದೀಪ ಉರಿಯುವ ಅಂಗಡಿಯಷ್ಟೇ ಸ್ಪಷ್ಟವಾಗಿತ್ತು. ಸಾಕ್ಷಿ ಬೇಕು ಎಂದು ಅಡುಗೆಮನೆಗೆ ಹೋಗಿ ಸುಮಾಳನ್ನು ಕೇಳಿದೆ.

"ಒಂದ್ಸಲ ಕಿಟಕಿ ಬಿಸಿಲು ಕಣ್ಣಿಗೆ ಬಿತ್ತು ಅಂದ್ರಿ" ಎಂದಳು ಸುಮಾ, ಕೊತ್ತಂಬರಿ ಹೆಚ್ಚುತ್ತ. "ಅವತ್ತು ಮಳೆ ಬರ್ತಿತ್ತು."

ಸಂಜೆ ಇಂಚರ ಬಂದ ಮೇಲೆ, ಒಂದು ಆಟ ಆಡೋಣ ಎಂದೆ. ಕೊನೆಯ ತಿರುವಿನಲ್ಲಿ ನನ್ನ ಕಾರು ಮುಂದಿತ್ತು. ಮೆಲ್ಲಗೆ ಬೇಲಿಗೆ ಗುದ್ದಿಸಿದೆ. ಅವಳು ಗೆದ್ದಳು. ನಾನು ಲೋಕೇಶನ ಹಾಗೆ, "ಬಡಿದಾಕ್ಬಿಟ್ಲು ಕಣೇ ಸುಮಾ!" ಎಂದು ಕೂಗಿದೆ. ಅವಳು ಕಂಟ್ರೋಲರನ್ನು ಸೋಫಾದ ಮೇಲಿಟ್ಟಳು.

"ಬೇಕಂತ ಸೋತೆ. ಇದು ಕಂಟ್ರೋಲರ್‌ಗಿಂತ ಮೋಸ."

ಸೋಲುವುದು ಇಷ್ಟು ಕಷ್ಟ ಎಂದು ಯಾವ ಗುರುವೂ ನನಗೆ ಕಲಿಸಿರಲಿಲ್ಲ. ಗೆಲ್ಲಲೆಂದೇ ಆಡಬೇಕು, ಹಾಗೆ ಆಡಿಯೂ ಸೋಲಬೇಕು, ಸೋತ ಮೇಲೆ ಬಾಯಿ ಮುಚ್ಚಿಕೊಂಡಿರಬೇಕು. ಮೊದಲ ಎರಡಕ್ಕೆ ಪ್ರಯತ್ನವೇ ಬೇಕಾಗಲಿಲ್ಲ. ಹದಿನಾಲ್ಕು ವರ್ಷದ ಬೆರಳುಗಳ ಮುಂದೆ ನಲವತ್ತಮೂರರ ಬೆರಳುಗಳು ತಾವಾಗಿಯೇ ಸೋಲುತ್ತವೆ. ಮೂರನೆಯದೇ ಸಾಧನೆ. ಮಂಗಳವಾರ ಸಂಜೆ ಜೀವ ಬಿಟ್ಟು ಆಡಿದೆ. ಅರ್ಧ ಕಾರಿನಷ್ಟು ಅಂತರದಲ್ಲಿ ಸೋತೆ. "ಕಂಟ್ರೋಲ" ಎಂಬಷ್ಟು ನಾಲಿಗೆಯ ತುದಿಗೆ ಬಂದುಬಿಟ್ಟಿತು. ಇಂಚರ ತಿರುಗಿ ನೋಡಿದಳು. ನಾನು ಉಗುಳು ನುಂಗಿ, "ಕಂಟ್ರೋಲರ್ ಚೆನ್ನಾಗಿದೆ" ಎಂದೆ.

ಅವಳು ನಕ್ಕಳು. ಕುಣಿಗಲ್‌ನ ಮೆಟ್ಟಿಲ ಮೇಲೆ ಕೇಳಿದ ನಗುವೇ ಅದು ಎಂದು ಬರೆಯಬೇಕೆನಿಸುತ್ತದೆ. ಹೋಲಿಸಿ ಹೇಳಲು ನನ್ನ ನೆನಪಿಗೆ ಈಗ ಅಧಿಕಾರವಿಲ್ಲ. ಜೋರಾಗಿ ನಕ್ಕಳು ಎಂಬಷ್ಟು ಮಾತ್ರ ಪ್ರತ್ಯಕ್ಷ.

ಮುಂದಿನ ಭಾನುವಾರ ಎರಡು ಸಲ ಹಾರನ್ ಆದಾಗ ನಾನು ಸೋಫಾದ ಮೇಲಿಂದ ಏಳಲಿಲ್ಲ, ಏನೂ ಕೇಳಲೂ ಇಲ್ಲ. ಇಂಚರ ಬಾಲ್ಕನಿಗೆ ಹೋಗಿ ಬಗ್ಗಿದಳು.

"ಮಾವಾ, ಇವತ್ತು ಬರಲ್ಲ! ಅಪ್ಪ ಸೋಲೋದು ಇನ್ನೂ ಬಾಕಿ ಇದೆ!"

ಲೋಕೇಶ ಕಾರಿನಿಂದ ತಲೆ ಹೊರಗೆ ಹಾಕಿದ. ಅಷ್ಟರಲ್ಲಿ ಎದ್ದು ಬಂದು ಅವಳ ಹಿಂದೆ ನಿಂತ ನನ್ನನ್ನು ನೋಡಿದ. "ಏನ್ಲಾ ಬಾಮೈದ, ಏನ್ ಕೊಟ್ಟು ಬುಟ್ಟಿಗಾಕ್ಕೊಂಡೆ ಹುಡ್ಗೀನ?" ಎಂದ. ತಮಾಷೆಯ ಮಾತೇ, ಆದರೆ ಕಾರನ್ನು ತಕ್ಷಣ ಹೊರಡಿಸಲಿಲ್ಲ. ಒಂದೆರಡು ಗಳಿಗೆ ಸ್ಟಿಯರಿಂಗ್ ಹಿಡಿದುಕೊಂಡು ಹಾಗೇ ಕೂತಿದ್ದ. ಮುಂದಿನ ವಾರ ಅತ್ತೆಯನ್ನೂ ಅವನನ್ನೂ ಇಲ್ಲಿಗೇ ಊಟಕ್ಕೆ ಕರೆಯಬೇಕು, ಬರುವಾಗ ನೀಲಿಯನ್ನೂ ತಾ ಎನ್ನಬೇಕು ಎಂದುಕೊಂಡೆ. ಆದರೆ ಅಂದೇ ಕರೆಯುವಷ್ಟು ದೊಡ್ಡ ಮನಸ್ಸು ಬರಲಿಲ್ಲ. ಒಂದು ಭಾನುವಾರ ನನ್ನದಾಗಿರಲಿ.

ಹನ್ನೊಂದಾಯಿತು. ನಾನು ಎರಡು ಆಟ ಸೋತಿದ್ದೆ, ಒಂದು ಗೆದ್ದಿದ್ದೆ, ಗಣಿತದ ಮೇಡಂ ವರ್ಗವಾಗಿ ಹೋದ ಸುದ್ದಿ ತಿಳಿದಿದ್ದೆ. ಹೊಟ್ಟೆಯ ಕಡೆ ಗಮನ ಕೊಟ್ಟು ನೋಡಿದೆ. ಏನೂ ಇಲ್ಲ.

ಹನ್ನೊಂದೂವರೆಗೆ ಅತ್ತೆಯ ಫೋನ್ ಬಂತು.

"ಗಿರಿ, ನೀನು ಹೊಟ್ಟೆ ಉರಿಗೆ ಅದೇನೋ ಮಾತ್ರೆ ತಗೊಂತಿದ್ಯಂತಲ್ಲಪ್ಪಾ, ಸುಮಾ ಹೇಳಿದ್ಲು. ಹೆಸರೇನು ಅದ್ರುದ್ದು? ಲೋಕೇಶ ಕಾರಿಂದ ಇಳಿದಾಗ್ಲಿಂದ ಹೊಟ್ಟೆ ಉರಿ, ಹೊಟ್ಟೆ ಉರಿ ಅಂತವ್ನೆ."

ಡಾಕ್ಟರ ಚೀಟಿಯನ್ನು ಹುಡುಕಿ ತೆಗೆದು ಹೆಸರನ್ನು ಎರಡು ಸಲ ಬಿಡಿಸಿ ಬಿಡಿಸಿ ಹೇಳಿದೆ. ಖಾರ ಕಡಿಮೆ ಮಾಡಿಸಿ ಎಂದೂ ಸೇರಿಸಿದೆ.

"ನಿನ್ನ ಹೊಟ್ಟೆ ತಣ್ಣಗಿರ್ಲಿ ಕಣಪ್ಪಾ" ಎಂದರು ಅತ್ತೆ.

ತಣ್ಣಗೇ ಇತ್ತು.